ಎಪಿ ಲ್ಯಾಂಗ್ ಮೊದಲಾ, ಎಪಿ ಲಿಟ್ ಮೊದಲಾ? ಹನ್ನೊಂದನೇ ಕ್ಲಾಸಿನ ಇಂಗ್ಲಿಷ್ ಬಗ್ಗೆ ಸಲಹೆ ಬೇಕು

ತುಂತುರು

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದಲ್ಲಿದ್ದೇವೆ, ಮಗಳು ಇಲ್ಲಿ ಹತ್ತನೇ ಕ್ಲಾಸಿನಲ್ಲಿದ್ದಾಳೆ. ಮುಂದಿನ ವರ್ಷದ ಕೋರ್ಸ್ ಆರಿಸುವ ಫಾರ್ಮ್ ಬಂದಿದೆ, ಶುಕ್ರವಾರದೊಳಗೆ ಕೊಡಬೇಕು. ಗಣಿತ, ವಿಜ್ಞಾನ ನಮಗೆ ತಲೆನೋವಲ್ಲ, ಯಾವುದಾದ ಮೇಲೆ ಯಾವುದು ಅಂತ ದಾರಿ ಕಾಣುತ್ತದೆ. ಇಂಗ್ಲಿಷ್ ಹತ್ತಿರ ಬಂದರೆ ಮಾತ್ರ ನಾನೂ ನಮ್ಮ ಮನೆಯವರೂ ಮುಖ ಮುಖ ನೋಡಿಕೊಳ್ಳುತ್ತೇವೆ.

ಶಾಲೆಯಲ್ಲಿ ಮೂರು ಆಯ್ಕೆ ಇವೆ. ಮಾಮೂಲಿ ಆನರ್ಸ್ ಇಂಗ್ಲಿಷ್, ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ ಅಂಡ್ ಕಾಂಪೊಸಿಷನ್, ಎಪಿ ಇಂಗ್ಲಿಷ್ ಲಿಟರೇಚರ್ ಅಂಡ್ ಕಾಂಪೊಸಿಷನ್. ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜ್ ಮಟ್ಟದ ಕೋರ್ಸ್. ಕೊನೆಯ ಎರಡನ್ನು ಎಲ್ಲರೂ ಲ್ಯಾಂಗ್, ಲಿಟ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಇವಳಿಗೆ ಕಾದಂಬರಿ ಅಂದರೆ ಹುಚ್ಚು, ಊಟದ ತಟ್ಟೆ ಪಕ್ಕದಲ್ಲೂ ಪುಸ್ತಕ ಇರಬೇಕು. ಹಾಗಾಗಿ ಹನ್ನೊಂದಕ್ಕೇ ನೇರವಾಗಿ ಲಿಟ್ ತೆಗೆದುಕೊಳ್ಳುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಕೌನ್ಸೆಲರ್ ಕೇಳಿದರೆ 'ಇಲ್ಲಿ ಎಲ್ಲರೂ ಹನ್ನೊಂದರಲ್ಲಿ ಲ್ಯಾಂಗ್, ಹನ್ನೆರಡರಲ್ಲಿ ಲಿಟ್ ಮಾಡುತ್ತಾರೆ' ಅಂದು ಮುಗಿಸಿಬಿಟ್ಟರು. ಯಾಕೆ ಅಂತ ಹೇಳಲಿಲ್ಲ.

ಲ್ಯಾಂಗ್ ಅಂದರೆ ಗ್ರಾಮರ್ ಕ್ಲಾಸಾ? ಲಿಟ್ ಅಷ್ಟು ಕಷ್ಟವಾ? ಮುಂದೆ ಬಯಾಲಜಿ ಓದುವ ಆಸೆ ಇರುವ ಹುಡುಗಿಗೆ ಇವೆಲ್ಲ ಬೇಕಾ, ಇಲ್ಲ ಸುಮ್ನೆ ಜಿಪಿಎಗೆ ಒಂದು ಪಾಯಿಂಟ್ ಸೇರಿಸೋಕೆ ಎಲ್ಲರೂ ತೆಗೆದುಕೊಳ್ಳುತ್ತಾರಾ? ಅವಳ ಜೊತೆಗೆ ಎಪಿ ಕೆಮಿಸ್ಟ್ರಿ, ಎಪಿ ಯುಎಸ್ ಹಿಸ್ಟರಿ ಕೂಡ ಇರುತ್ತವೆ. ನಮ್ಮ ಮನೆಯವರು 'ಆಗಲಿ, ಇದನ್ನೂ ಹಾಕಿಬಿಡು' ಅನ್ನುತ್ತಾರೆ. ನಿದ್ದೆಗೆಡುವವಳು ಮಗಳು, ಎದ್ದು ಬಿಸಿ ಹಾಲು ಕೊಡುವವಳು ನಾನು!

ಇನ್ನೊಂದು ವಿಷಯ. ಅವಳ ಎಸ್ಸೇಗಳಲ್ಲಿ ಭಾಷೆ ಚೆನ್ನಾಗಿದೆ ಅಂತ ಟೀಚರ್ ಬರೆಯುತ್ತಾರೆ, ಆದರೂ ಮಾರ್ಕ್ಸ್ ಬರುವುದಿಲ್ಲ. 'ಕಥೆ ಹೇಳುತ್ತಿದ್ದೀಯ, ವಿಶ್ಲೇಷಣೆ ಇಲ್ಲ' ಅನ್ನುವುದು ಪ್ರತಿ ಸಲದ ದೂರು. ಇದಕ್ಕೆ ಮನೆಯಲ್ಲಿ ಏನಾದರೂ ಮಾಡಬಹುದಾ?

ಹರಟೆಕಟ್ಟೆ

ಗ್ರಾಮರ್ ಕ್ಲಾಸ್ ಖಂಡಿತ ಅಲ್ಲ. ಹೆಸರು ಕೇಳಿ ನಾವೂ ಹಾಗೇ ಅಂದುಕೊಂಡಿದ್ದೆವು. ನಮ್ಮ ದೊಡ್ಡವನು ಎರಡೂ ಮಾಡಿದ, ಚಿಕ್ಕವಳು ಈಗ ಲ್ಯಾಂಗ್‌ನಲ್ಲಿದ್ದಾಳೆ.

ಒರಟಾಗಿ ಹೇಳೋದಾದರೆ ಲ್ಯಾಂಗ್‌ನಲ್ಲಿ ಓದೋದು ಕಥೆಯಲ್ಲದ ಬರಹ. ಭಾಷಣ, ಪತ್ರ, ಪ್ರಬಂಧ, ಪತ್ರಿಕೆಯ ಅಭಿಪ್ರಾಯ ಲೇಖನ. ಬರೆದವರು ಯಾರನ್ನು ಒಪ್ಪಿಸಲು ಹೊರಟಿದ್ದಾರೆ, ಹೇಗೆ ಒಪ್ಪಿಸುತ್ತಿದ್ದಾರೆ ಅನ್ನೋದೇ ಪಾಠ. ಲಿಟ್‌ನಲ್ಲಿ ಕವಿತೆ, ಕಥೆ, ಕಾದಂಬರಿ, ನಾಟಕ.

ಪರೀಕ್ಷೆ ಎರಡೂ ಮೇ ತಿಂಗಳಲ್ಲಿ. ಲ್ಯಾಂಗ್‌ನಲ್ಲಿ ಒಂದು ಗಂಟೆಗೆ 45 ಮಲ್ಟಿಪಲ್ ಚಾಯ್ಸ್, ಆಮೇಲೆ 2 ಗಂಟೆ 15 ನಿಮಿಷದಲ್ಲಿ ಮೂರು ಎಸ್ಸೇ. ಲಿಟ್‌ನಲ್ಲಿ ಅದೇ ಒಂದು ಗಂಟೆಗೆ 55 ಪ್ರಶ್ನೆ, ಆಮೇಲೆ 2 ಗಂಟೆಯಲ್ಲಿ ಮೂರು ಎಸ್ಸೇ. ಎರಡರಲ್ಲೂ ಎಸ್ಸೇಗೆ 55%, ಮಲ್ಟಿಪಲ್ ಚಾಯ್ಸ್‌ಗೆ 45%. ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಡಿತ ಇಲ್ಲ, ಹಾಗಾಗಿ ಏನೂ ಖಾಲಿ ಬಿಡಬಾರದು.

ಕೌನ್ಸೆಲರ್ ಹೇಳದ ಕಾರಣ ನಾನು ಹೇಳುತ್ತೇನೆ. ಸ್ಕೋರ್ ಬರೋದು ಜುಲೈನಲ್ಲಿ. ಹನ್ನೊಂದರಲ್ಲಿ ಬರೆದ ಪರೀಕ್ಷೆಯ ಸ್ಕೋರನ್ನು ಕಾಲೇಜ್ ಅರ್ಜಿಯಲ್ಲಿ ಹಾಕಬಹುದು. ಹನ್ನೆರಡರಲ್ಲಿ ಬರೆದದ್ದು ಬರುವ ಹೊತ್ತಿಗೆ ಅಡ್ಮಿಷನ್ ಎಲ್ಲ ಮುಗಿದಿರುತ್ತದೆ, ಅದು ಕ್ರೆಡಿಟ್‌ಗೆ ಮಾತ್ರ, ಅಂದರೆ ಕಾಲೇಜಿನಲ್ಲಿ ಆ ಕೋರ್ಸ್ ಆಗಲೇ ಮಾಡಿದ್ದು ಅಂತ ಲೆಕ್ಕ ಹಿಡಿಯುವುದಕ್ಕೆ. ಹಾಗಂತ ಇದರಿಂದ ಲ್ಯಾಂಗೇ ಮೊದಲು ಅಂತೇನೂ ಆಗುವುದಿಲ್ಲ, ಯಾವುದು ಮೊದಲಾದರೂ ಈ ಲೆಕ್ಕ ಒಂದೇ. ಆದರೆ ಹನ್ನೊಂದರಲ್ಲಿ ಯುಎಸ್ ಹಿಸ್ಟರಿ ಇದೆ ಅಂದಿರಲ್ಲ, ಅಲ್ಲಿ ಡಿಬಿಕ್ಯೂ ಅಂತ ಒಂದು ಪ್ರಶ್ನೆ ಬರುತ್ತದೆ, 7 ದಾಖಲೆ ಕೊಟ್ಟು ಅವುಗಳ ಮೇಲೆ ವಾದ ಕಟ್ಟು ಅನ್ನುತ್ತಾರೆ. ಲ್ಯಾಂಗ್‌ನ ಸಿಂಥೆಸಿಸ್ ಎಸ್ಸೇ ಹೆಚ್ಚೂ ಕಡಿಮೆ ಅದರ ಅಣ್ಣನೋ ತಮ್ಮನೋ. ಅಲ್ಲಿ 6–7 ಮೂಲಗಳನ್ನು ಕೊಡುತ್ತಾರೆ, ಕನಿಷ್ಠ 3 ಬಳಸಿ ನಿನ್ನ ನಿಲುವು ಹೇಳು ಅನ್ನುತ್ತಾರೆ. ಎರಡನ್ನೂ ಒಂದೇ ವರ್ಷ ಮಾಡಿದರೆ ಒಂದರ ಅಭ್ಯಾಸ ಇನ್ನೊಂದಕ್ಕೆ ಬರುತ್ತದೆ. ನಮ್ಮ ದೊಡ್ಡವನಿಗೆ ಹಿಸ್ಟರಿ ದಾರಿಗೆ ಬಂದಿದ್ದೇ ಲ್ಯಾಂಗ್ ಟೀಚರಿಂದ.

ಚಾಕ್‌ಪೀಸ್

ನಾನು ಇಲ್ಲಿ ಪಬ್ಲಿಕ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ, ಲ್ಯಾಂಗ್ ಮತ್ತು ಲಿಟ್ ಎರಡನ್ನೂ ಕಲಿಸಿದ್ದೇನೆ. ತುಂತುರು ಅವರೇ, ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಪ್ಯಾರಾ. ಯಾವ ಕೋರ್ಸ್ ಮೊದಲು ಅನ್ನುವುದಕ್ಕಿಂತ ನಿಮ್ಮ ಮಗಳ ಎಸ್ಸೇ ಯಾಕೆ ಅಲ್ಲೇ ನಿಂತಿದೆ ಅನ್ನುವುದನ್ನು ನೋಡಿ. ಯಾಕೆಂದರೆ ಯಾವುದನ್ನು ತೆಗೆದುಕೊಂಡರೂ ಅದೇ ತೊಂದರೆ ಅವಳ ಜೊತೆ ಹೋಗುತ್ತದೆ.

ಎರಡೂ ಪರೀಕ್ಷೆಯಲ್ಲಿ ಪ್ರತಿ ಎಸ್ಸೇಗೆ 6 ಅಂಕ. ಥೀಸಿಸ್‌ಗೆ, ಅಂದರೆ ಎಸ್ಸೇಯ ಮುಖ್ಯ ವಾದಕ್ಕೆ, 1. ಪುರಾವೆ ಮತ್ತು ಕಾಮೆಂಟರಿಗೆ 4. ಕೊನೆಯ 1 ಅಂಕಕ್ಕೆ ಸೊಫಿಸ್ಟಿಕೇಷನ್ ಅಂತ ಹೆಸರು, ಅದು ಸಿಗುವುದು ಕಡಿಮೆ ಮಕ್ಕಳಿಗೆ, ಅದರ ಹಿಂದೆ ಬೀಳುವುದು ಬೇಡ. ನಿಜವಾದ ಆಟ ಇರುವುದು ನಡುವಿನ 4ರಲ್ಲಿ. ಪಠ್ಯದಲ್ಲಿ ಏನಿದೆ ಅಂತ ತಿರುಗಿ ಹೇಳಿದರೆ ಅದರಲ್ಲಿ 1 ಸಿಗುತ್ತದೆ, ಹೆಚ್ಚೆಂದರೆ 2. ಮೇಲೆ ಹೋಗಬೇಕಾದರೆ ಆ ಪುರಾವೆ ನಿನ್ನ ಮಾತನ್ನು ಹೇಗೆ ಸಾಬೀತು ಮಾಡುತ್ತದೆ ಅಂತ ಬಿಡಿಸಿ ಹೇಳಬೇಕು. ಓದುವ ಹುಚ್ಚಿರುವ ಮಕ್ಕಳೇ ಇಲ್ಲಿ ಜಾಸ್ತಿ ಎಡವುತ್ತಾರೆ. ಕಥೆ ಅವರಿಗೆ ಇಷ್ಟ, ಹಾಗಾಗಿ ಕಥೆಯನ್ನೇ ಹೇಳುತ್ತಾ ಹೋಗುತ್ತಾರೆ.

ನಮ್ಮ ಕಾಲದ ಕನ್ನಡ ಪ್ರಶ್ನೆಪತ್ರಿಕೆ ನೆನಪಿದೆಯಾ? 'ಅಲಂಕಾರವನ್ನು ಗುರುತಿಸಿ' ಅಂತ ಒಂದು ಪ್ರಶ್ನೆ, 'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ' ಅಂತ ಇನ್ನೊಂದು. ಇಲ್ಲಿನ ಮಕ್ಕಳು ಎಪಿ ಎಸ್ಸೇಯನ್ನು ಮೊದಲನೆಯ ಥರ ಬರೆಯುತ್ತಾರೆ. ಇಲ್ಲಿ ರೂಪಕ ಇದೆ, ಇಲ್ಲಿ ಪುನರಾವರ್ತನೆ ಇದೆ, ಇಲ್ಲಿ ವ್ಯಂಗ್ಯ ಇದೆ ಅಂತ ಗುರುತಿಸಿ ಬಿಟ್ಟುಬಿಡುತ್ತಾರೆ. ಪರೀಕ್ಷಕರು ಕೇಳುತ್ತಿರುವುದು ಎರಡನೆಯದನ್ನು. ಈ ಮಾತನ್ನು ಯಾರು ಯಾರಿಗೆ ಯಾವಾಗ ಹೇಳಿದರು, ಅಲ್ಲಿ ಅದನ್ನು ಹಾಗೆ ಹೇಳಿದ್ದರಲ್ಲಿ ಏನು ಸ್ವಾರಸ್ಯ? ನೀವು ಕನ್ನಡ ಮೀಡಿಯಂನಲ್ಲಿ ಓದಿದವರಾದರೆ ಮಗಳಿಗೆ ಇದನ್ನು ಹೇಳಿಕೊಡಲು ನಿಮಗೆ ಬೇಕಾದ್ದು ಆಗಲೇ ನಿಮ್ಮ ಹತ್ತಿರ ಇದೆ.

ಉದಾಹರಣೆ ಕೊಡುತ್ತೇನೆ. ಲ್ಯಾಂಗ್ ಕ್ಲಾಸಿನಲ್ಲಿ ತುಂಬಾ ಕಡೆ ಓದಿಸುವ ಬರಹ ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರ. ಅಲಬಾಮಾದ ಎಂಟು ಜನ ಬಿಳಿಯ ಧರ್ಮಗುರುಗಳು ಕಿಂಗ್ ಅವರ ಚಳವಳಿಯನ್ನು ಟೀಕಿಸಿ ಹೇಳಿಕೆ ಕೊಟ್ಟಿದ್ದರು, ಹೊರಗಿನವರು ಬಂದು ಗಲಾಟೆ ಎಬ್ಬಿಸುತ್ತಿದ್ದಾರೆ ಅನ್ನುವ ಅರ್ಥದಲ್ಲಿ. ಅದಕ್ಕೆ ಕಿಂಗ್ ಉತ್ತರಿಸುವಾಗ ಸಂತ ಪೌಲ್ ತನ್ನ ಊರಾದ ತಾರ್ಸಸ್ ಬಿಟ್ಟು ಸುವಾರ್ತೆ ಹೊತ್ತು ಹೋದದ್ದನ್ನು ನೆನಪಿಸುತ್ತಾರೆ. 'ಕಿಂಗ್ ಇಲ್ಲಿ ಬೈಬಲ್‌ನ ಉಲ್ಲೇಖ ಬಳಸುತ್ತಾರೆ, ಇದು ಪರಿಣಾಮಕಾರಿಯಾಗಿದೆ' ಅಂತ ಬರೆದರೆ ಏನೂ ಬರೆದಂತಾಗಲಿಲ್ಲ. ಪತ್ರ ಹೋಗುತ್ತಿರುವುದು ಧರ್ಮಗುರುಗಳಿಗೆ, ಒಬ್ಬರ ಹೊರತು ಎಲ್ಲರೂ ಕ್ರೈಸ್ತರು. ಅವರು ಪೌಲ್‌ನನ್ನು ಹೊರಗಿನವನು ಅಂತ ತಳ್ಳಿಹಾಕಲು ಸಾಧ್ಯವೇ ಇಲ್ಲ. ಕಿಂಗ್ ಹೊರಗಿನವರು ಅಂದರೆ ಪೌಲ್ ಕೂಡ ಹೊರಗಿನವನೇ ಆಗಬೇಕು. ಅವರದೇ ಗ್ರಂಥ ಹಿಡಿದು ಅವರ ಬಾಯಿ ಕಟ್ಟಿದ್ದಾರೆ, ಅದೂ ಒಂದು ಒರಟು ಮಾತಿಲ್ಲದೆ. ಇಷ್ಟು ಬರೆದರೆ ಅದು ಕಾಮೆಂಟರಿ. ಅದೇ ಪತ್ರವನ್ನು ಕಾಲೇಜು ವಿದ್ಯಾರ್ಥಿಗಳಿಗೆ ಬರೆದಿದ್ದರೆ ಈ ಉದಾಹರಣೆಗೆ ಇಷ್ಟು ಬಲ ಇರುತ್ತಿರಲಿಲ್ಲ, ಅಲ್ವಾ? ಆ ಪ್ರಶ್ನೆ ಕೇಳಿಕೊಳ್ಳುವುದು ಅಭ್ಯಾಸವಾದರೆ ಸಾಕು.

ಈಗ ಲಿಟ್ ಬಗ್ಗೆ. ಮೂರು ಎಸ್ಸೇಗಳಲ್ಲಿ ಒಂದು ಕವಿತೆಯ ಮೇಲೆ, ಒಂದು ಗದ್ಯಭಾಗದ ಮೇಲೆ, ಒಂದು ಪೂರ್ತಿ ಕೃತಿಯ ಮೇಲೆ. ಮೂರನೆಯದಕ್ಕೆ ಪ್ರಶ್ನೆ ಮಾತ್ರ ಕೊಡುತ್ತಾರೆ, ಜೊತೆಗೆ ಸುಮಾರು 40 ಕೃತಿಗಳ ಪಟ್ಟಿ ಇರುತ್ತದೆ. ಪಟ್ಟಿಯಿಂದಲೇ ಆರಿಸಬೇಕು ಅಂತಿಲ್ಲ, ಅದೇ ಮಟ್ಟದ ಬೇರೆ ಕೃತಿಯೂ ನಡೆಯುತ್ತದೆ. ಪುಸ್ತಕ ಕೈಯಲ್ಲಿ ಇರುವುದಿಲ್ಲ, ಎಲ್ಲ ನೆನಪಿನಿಂದಲೇ. ಇಲ್ಲಿ ನಿಮ್ಮ ಮಗಳಂಥವರಿಗೆ ಒಳ್ಳೆಯ ಅನುಕೂಲ ಇದೆ, ಓದಿದ್ದು ಜಾಸ್ತಿ ಇದ್ದಷ್ಟೂ ಆರಿಸಲು ಜಾಗ. ಆದರೆ ಇಷ್ಟಪಟ್ಟು ಓದುವ ಕಾದಂಬರಿ ಬೇರೆ, ಪರೀಕ್ಷೆಯಲ್ಲಿ ಎದುರಾಗುವ ಕವಿತೆ ಬೇರೆ. ಮಲ್ಟಿಪಲ್ ಚಾಯ್ಸ್‌ನಲ್ಲಿ ಐದು ಭಾಗ ಇರುತ್ತವೆ, ಅದರಲ್ಲಿ ಕನಿಷ್ಠ ಎರಡು ಕವಿತೆ. ಎಸ್ಸೇ ಸೇರಿಸಿದರೆ ಕವಿತೆಯ ಪಾಲು ಸಣ್ಣದಲ್ಲ. ಕಾದಂಬರಿ ನುಂಗುವ ಎಷ್ಟೋ ಮಕ್ಕಳು ಹಳೆಯ ಇಂಗ್ಲಿಷ್ ಕವಿತೆಯ ಮುಂದೆ ಕೂತಾಗ ವಾಕ್ಯದ ಕರ್ತೃ ಯಾವುದು, ಕ್ರಿಯಾಪದ ಯಾವುದು ಅಂತಲೇ ತಿಳಿಯದೆ ಒದ್ದಾಡುತ್ತಾರೆ. ಅವಳನ್ನು ಒಮ್ಮೆ ಕೇಳಿ: ಕವಿತೆ ಓದುತ್ತೀಯಾ?

ಲ್ಯಾಂಗ್ ಮಾಡದೆ ಲಿಟ್ ಮಾಡಬಾರದು ಅಂತ ಎಪಿ ನಡೆಸುವ ಕಾಲೇಜ್ ಬೋರ್ಡ್ ಎಲ್ಲೂ ಹೇಳಿಲ್ಲ. ಅದು ಶಾಲೆಗಳು ಮಾಡಿಕೊಂಡ ಕ್ರಮ, ಮುಖ್ಯವಾಗಿ ಟೈಮ್‌ಟೇಬಲ್ ಮತ್ತು ಟೀಚರ್‌ಗಳ ಲೆಕ್ಕದಿಂದ. ಹಾಗೇ ಇಂಥ ಪುಸ್ತಕವನ್ನೇ ಕಲಿಸಬೇಕು ಅಂತ ಕಡ್ಡಾಯ ಪಟ್ಟಿಯೂ ಇಲ್ಲ, ಎರಡು ಕೋರ್ಸಿಗೂ. ಟೀಚರ್ ತಾವೇ ಸಿಲಬಸ್ ಮಾಡಿ ಕಾಲೇಜ್ ಬೋರ್ಡ್‌ನ ಒಪ್ಪಿಗೆ ಪಡೆಯುತ್ತಾರೆ. ಹಾಗಾಗಿ ಒಂದು ಶಾಲೆಯ ಲಿಟ್ ಇನ್ನೊಂದು ಶಾಲೆಯ ಲಿಟ್ ಥರ ಇರುವುದಿಲ್ಲ. ನಿಮ್ಮ ಶಾಲೆಯಲ್ಲಿ ಯಾರು ಯಾವುದನ್ನು ಕಲಿಸುತ್ತಾರೆ, ವಾರಕ್ಕೆ ಎಷ್ಟು ಬರೆಸುತ್ತಾರೆ, ಬರೆದದ್ದನ್ನು ತಿದ್ದಿ ವಾಪಸ್ ಕೊಡುತ್ತಾರಾ ಅಂತ ಮೇಲಿನ ಕ್ಲಾಸಿನ ಮಕ್ಕಳನ್ನು ವಿಚಾರಿಸಿ. ಕೋರ್ಸಿನ ಹೆಸರಿಗಿಂತ ನನಗೆ ಅದು ಮುಖ್ಯ ಅನ್ನಿಸುತ್ತದೆ. ಟೀಚರ್ ಆಗಿ ಹೇಳುತ್ತಿದ್ದೇನೆ, ಬೇರೆಯವರು ಒಪ್ಪದಿರಬಹುದು.

ತುಂತುರು

ಚಾಕ್‌ಪೀಸ್ ಮೇಡಂ, ನಿಮ್ಮ ಉತ್ತರ ಓದಿ ಮಗಳಿಗೂ ತೋರಿಸಿದೆ. 'ಸ್ವಾರಸ್ಯ' ಅಂದರೆ ಏನು ಅಂತ ಅರ್ಧ ಗಂಟೆ ಹೇಳಬೇಕಾಯಿತು, ಆದರೆ ಹೇಳಿದ ಮೇಲೆ ಹಳೆಯ ಎಸ್ಸೇ ಒಂದನ್ನು ತೆಗೆದು 'ಅಮ್ಮ, ಇದರಲ್ಲಿ ಎಲ್ಲಾ ಬರೀ ಸಂದರ್ಭವೇ ಇದೆ' ಅಂದಳು. ನನಗೂ ನಗು ಬಂತು.

ಕವಿತೆ ಓದುತ್ತೀಯಾ ಅಂದರೆ ಮುಖ ಸೊಟ್ಟ ಮಾಡಿದಳು. ಅದೇ ಉತ್ತರ ಅಂದುಕೊಳ್ಳಲಾ?

ಮತ್ತೆರಡು ಪ್ರಶ್ನೆ. ಪರೀಕ್ಷೆ ಈಗ ಕಂಪ್ಯೂಟರ್ ಮೇಲೆ ಅಂತ ಯಾರೋ ಹೇಳಿದರು, ನಿಜವಾ? ಇನ್ನು ಕಾಲೇಜ್ ಕ್ರೆಡಿಟ್ ನಿಜವಾಗಿ ಸಿಗುತ್ತದಾ, ಇಲ್ಲ ಅದೂ ಬರೀ ಮಾತಾ?

ಅರೆನಿದ್ದೆ

ಆಂಟಿ, ನಾನು ಈಗ ಕಾಲೇಜ್ ಎರಡನೇ ವರ್ಷ, ಬಯಾಲಜಿ ಮೇಜರ್. ಲ್ಯಾಂಗ್ ಹನ್ನೊಂದರಲ್ಲಿ, ಲಿಟ್ ಹನ್ನೆರಡರಲ್ಲಿ ಮಾಡಿದೆ. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಅಮ್ಮ ತಿದ್ದಿ ಕೊಟ್ಟಿದ್ದಾರೆ.

ಹೌದು, 2025ರ ಮೇಯಿಂದ ಎರಡೂ ಇಂಗ್ಲಿಷ್ ಪರೀಕ್ಷೆ ಬ್ಲೂಬುಕ್ ಅನ್ನುವ ಆ್ಯಪ್‌ನಲ್ಲೇ. ಎಸ್ಸೇ ಟೈಪ್ ಮಾಡಬೇಕು. ನಮ್ಮ ಕಾಲದಲ್ಲಿ ಕೈಯಲ್ಲಿ ಬರೆದು ಬರೆದು ಮೂರನೇ ಎಸ್ಸೇ ಹೊತ್ತಿಗೆ ನನ್ನ ಅಕ್ಷರ ನನಗೇ ಓದಲು ಬರುತ್ತಿರಲಿಲ್ಲ. ಈಗ ಆ ಕಷ್ಟ ಇಲ್ಲ, ಆದರೆ ಟೈಪಿಂಗ್ ನಿಧಾನ ಇದ್ದರೆ ಈಗಲೇ ಸರಿ ಮಾಡಿಕೊಳ್ಳಲಿ. ಬ್ಲೂಬುಕ್‌ನಲ್ಲೇ ಅಭ್ಯಾಸಕ್ಕೆ ಪ್ರಶ್ನೆಪತ್ರಿಕೆ ಸಿಗುತ್ತದೆ, ಮೊದಲೇ ಒಂದು ಸಲ ನೋಡಿಕೊಂಡರೆ ಆ ದಿನ ಸ್ಕ್ರೀನ್ ಹೊಸದು ಅನ್ನಿಸುವುದಿಲ್ಲ.

ಕ್ರೆಡಿಟ್ ಕಥೆ ಒಂದೊಂದು ಕಾಲೇಜಿಗೆ ಒಂದೊಂದು ಥರ. ಸ್ಕೋರ್ 1ರಿಂದ 5ರವರೆಗೆ. ಕೆಲವು ಕಡೆ 3 ಸಾಕು, ಕೆಲವು ಕಡೆ 4 ಅಥವಾ 5 ಬೇಕು, ತುಂಬಾ ಪೈಪೋಟಿ ಇರುವ ಕೆಲವು ಖಾಸಗಿ ಕಾಲೇಜುಗಳಲ್ಲಿ ಎಷ್ಟು ಬಂದರೂ ಮೊದಲ ವರ್ಷದ ರೈಟಿಂಗ್ ಕ್ಲಾಸ್ ಮಾಡಲೇಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಉದಾಹರಣೆ ತೆಗೆದುಕೊಳ್ಳಿ. ಅಲ್ಲಿ ಎರಡರಲ್ಲಿ ಯಾವುದಾದರೂ ಒಂದರಲ್ಲಿ 3 ಬಂದರೆ ಎಂಟ್ರಿ ಲೆವೆಲ್ ರೈಟಿಂಗ್ ಅನ್ನುವ ಷರತ್ತು ಮುಗಿಯಿತು. ಆದರೆ ಎರಡನ್ನೂ ಬರೆದರೂ ಯೂನಿಟ್ (ಕ್ರೆಡಿಟ್) ಲೆಕ್ಕ ಮಾತ್ರ ಒಂದರಷ್ಟೇ ಸಿಗುತ್ತದೆ. ಅಂದರೆ ಕ್ರೆಡಿಟ್‌ಗೋಸ್ಕರ ಎರಡೂ ಮಾಡುತ್ತೇನೆ ಅನ್ನುವುದು ಅಲ್ಲಿ ನಡೆಯುವುದಿಲ್ಲ. ಅವಳಿಗೆ ಇಷ್ಟವಾದ ಮೂರ್ನಾಲ್ಕು ಕಾಲೇಜಿನ ವೆಬ್‌ಸೈಟಿನಲ್ಲಿ ಎಪಿ ಕ್ರೆಡಿಟ್ ಪುಟ ಹುಡುಕಿ ನೋಡಿ, ಹತ್ತು ನಿಮಿಷದ ಕೆಲಸ.

ಬಯಾಲಜಿಗೆ ಇದು ಬೇಕಾ ಅಂದಿರಿ. ನನಗೆ ಕಾಲೇಜಿನಲ್ಲಿ ದಿನಾ ಉಪಯೋಗಕ್ಕೆ ಬಂದದ್ದು ಲ್ಯಾಂಗ್. ಲ್ಯಾಬ್ ರಿಪೋರ್ಟಿನ ಡಿಸ್ಕಷನ್ ಭಾಗ ಇದೆಯಲ್ಲ, ಅಲ್ಲಿ ಅಂಕಿಅಂಶ ಮತ್ತೆ ಹೇಳಿದರೆ ಟಿಎ (ಟೀಚಿಂಗ್ ಅಸಿಸ್ಟೆಂಟ್) ಕೆಂಪು ಗೆರೆ ಎಳೆಯುತ್ತಾರೆ. ಈ ಸಂಖ್ಯೆಯಿಂದ ಏನು ಗೊತ್ತಾಯಿತು, ಎಷ್ಟು ದೂರ ಹೇಳಬಹುದು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಬರೆಯಬೇಕು. ಮೇಲೆ ಮೇಡಂ ಹೇಳಿದ ಕಾಮೆಂಟರಿ ಅದೇ, ವಿಷಯ ಬೇರೆ ಅಷ್ಟೇ. ಲ್ಯಾಂಗ್‌ನ ಮಲ್ಟಿಪಲ್ ಚಾಯ್ಸ್‌ನಲ್ಲಿ ಅರ್ಧದಷ್ಟು ಪ್ರಶ್ನೆ ಬರೆಯುವುದರ ಬಗ್ಗೆಯೇ ಇರುತ್ತವೆ. ಒಬ್ಬ ವಿದ್ಯಾರ್ಥಿಯ ಕರಡು ಕೊಟ್ಟು ಈ ವಾಕ್ಯ ಇಲ್ಲಿರಬೇಕಾ, ಮುಂದಕ್ಕೆ ಹೋಗಬೇಕಾ, ಈ ಪ್ಯಾರಾಕ್ಕೆ ಯಾವ ಪುರಾವೆ ಸೇರಿಸಿದರೆ ಬಲ ಬರುತ್ತದೆ ಅಂತ ಕೇಳುತ್ತಾರೆ. ಆವಾಗ ಬೋರ್ ಅನ್ನಿಸಿತ್ತು, ಈಗ ನನ್ನ ಬರಹ ನಾನೇ ತಿದ್ದುವಾಗ ಅದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಲಿಟ್ ನನಗೆ ಜಾಸ್ತಿ ಇಷ್ಟವಾಯಿತು, ಸ್ಕೋರ್ ಮಾತ್ರ ಲ್ಯಾಂಗ್‌ಗಿಂತ ಕಡಿಮೆ. ಹನ್ನೆರಡರಲ್ಲಿ ಲಿಟ್ ಇರುವುದು ಒಳ್ಳೆಯದೇ ಅನ್ನಿಸುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಕಾಲೇಜ್ ಅರ್ಜಿಯ ಗಲಾಟೆ ಇರುತ್ತದೆ ನಿಜ, ಆದರೆ ಜನವರಿ ಆದ ಮೇಲೆ ಎಲ್ಲರ ತಲೆ ಹಗುರ. ಆಗ ಒಂದು ಕಾದಂಬರಿ ಹಿಡಿದು ಕ್ಲಾಸಿನಲ್ಲಿ ಜಗಳ ಆಡಲು ಮಜಾ ಇರುತ್ತದೆ.

ಉಪ್ಪುಖಾರ

ಇಲ್ಲಿ ಎಲ್ಲರೂ ಎಪಿ ಎಪಿ ಅಂತ ಕೂಗುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಮಾತಾಡುತ್ತೇನೆ.

ಆ ಹುಡುಗಿಗೆ ಆಗಲೇ ಕೆಮಿಸ್ಟ್ರಿ, ಹಿಸ್ಟರಿ ಎರಡು ಎಪಿ ಇವೆ. ಮೂರನೆಯದು ಯಾಕೆ? ಆನರ್ಸ್ ಇಂಗ್ಲಿಷ್‌ನಲ್ಲಿ ಒಳ್ಳೆಯ ಟೀಚರ್ ಸಿಕ್ಕರೆ ಎಪಿಗಿಂತ ಚೆನ್ನಾಗಿ ಬರೆಯಲು ಕಲಿಯುತ್ತಾರೆ, ಯಾಕೆಂದರೆ ಅಲ್ಲಿ 40 ನಿಮಿಷದಲ್ಲಿ ಎಸ್ಸೇ ಕಕ್ಕುವ ಒತ್ತಡ ಇಲ್ಲ. ನಿಧಾನವಾಗಿ ಒಂದು ಬರಹವನ್ನು ನಾಲ್ಕು ಸಲ ತಿದ್ದುವ ಪುರುಸೊತ್ತು ಇರುತ್ತದೆ. ನಿಜ ಜೀವನದಲ್ಲಿ ಯಾರು 40 ನಿಮಿಷದಲ್ಲಿ, ಪುಸ್ತಕ ಇಲ್ಲದೆ, ಕಾದಂಬರಿಯ ಮೇಲೆ ಪ್ರಬಂಧ ಬರೆಯುತ್ತಾರೆ ಹೇಳಿ? ಪರೀಕ್ಷೆಯ ಅಚ್ಚಿಗೆ ಬರೆಸಿ ಬರೆಸಿ ಎಲ್ಲ ಮಕ್ಕಳ ಎಸ್ಸೇ ಒಂದೇ ಥರ ಆಗಿವೆ. ಮೊದಲ ವಾಕ್ಯ ಓದಿದರೆ ಸಾಕು, ಉಳಿದದ್ದು ಊಹಿಸಬಹುದು.

ಇನ್ನು ಕ್ರೆಡಿಟ್ಟೇ ಬೇಕು ಅಂದರೆ ಡ್ಯುಯಲ್ ಎನ್‌ರೋಲ್‌ಮೆಂಟ್ ಇದೆಯಲ್ಲ, ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಕೋರ್ಸ್ ಮಾಡುವುದು. ಕಮ್ಯುನಿಟಿ ಕಾಲೇಜಿನ ಇಂಗ್ಲಿಷ್ ಕಾಂಪೊಸಿಷನ್ ಮಾಡಿದರೆ ಒಂದೇ ಪರೀಕ್ಷೆಯ ಮೇಲೆ ಎಲ್ಲ ನಿಲ್ಲುವುದಿಲ್ಲ, ವರ್ಷವಿಡೀ ಬರೆದದ್ದಕ್ಕೆ ಗ್ರೇಡ್ ಸಿಗುತ್ತದೆ. ನಮ್ಮ ಮಗ ಅದನ್ನೇ ಮಾಡಿದ, ರಾಜ್ಯದ ಯೂನಿವರ್ಸಿಟಿಯಲ್ಲಿ ತಕರಾರಿಲ್ಲದೆ ಒಪ್ಪಿಕೊಂಡರು.

ಚಾಕ್‌ಪೀಸ್

ಉಪ್ಪುಖಾರ ಸರ್, ಒಂದೇ ಅಚ್ಚಿನ ಎಸ್ಸೇ ಬಗ್ಗೆ ನಿಮ್ಮ ಜೊತೆ ಜಗಳಕ್ಕೆ ಬರುವುದಿಲ್ಲ. ಐದು ಪ್ಯಾರಾ ಸೂತ್ರ ಹಿಡಿದು ಬರೆಸುವವರು ಇದ್ದಾರೆ. ಜೂನ್‌ನಲ್ಲಿ ಈ ಎಸ್ಸೇಗಳನ್ನು ಓದಿ ಅಂಕ ಹಾಕುವವರು ಹೈಸ್ಕೂಲ್ ಮತ್ತು ಕಾಲೇಜಿನ ಟೀಚರ್‌ಗಳೇ. ದಿನವಿಡೀ ಒಂದೇ ಪ್ರಶ್ನೆಯ ಉತ್ತರ ಓದುವವರಿಗೆ ಸೂತ್ರದ ಎಸ್ಸೇ ಎಷ್ಟು ಬೇಸರ ತರುತ್ತದೆ ಅಂತ ಊಹಿಸಿಕೊಳ್ಳಿ. ರೂಬ್ರಿಕ್, ಅಂದರೆ ಅಂಕ ಹಾಕುವ ಮಾನದಂಡ, ಎಲ್ಲೂ ಐದು ಪ್ಯಾರಾ ಕೇಳುವುದಿಲ್ಲ. ಎರಡೇ ಕಾರಣ ಹಿಡಿದು ಆಳಕ್ಕೆ ಹೋದ ಎಸ್ಸೇ ಮೂರು ಕಾರಣ ತೇಲಿಸಿದ್ದಕ್ಕಿಂತ ಜಾಸ್ತಿ ಅಂಕ ತರುತ್ತದೆ.

ಡ್ಯುಯಲ್ ಎನ್‌ರೋಲ್‌ಮೆಂಟ್ ಒಳ್ಳೆಯ ದಾರಿಯೇ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಅಲ್ಲಿ ಬಂದ ಗ್ರೇಡ್ ಕಾಲೇಜ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಉಳಿಯುತ್ತದೆ. ಎಪಿ ಪರೀಕ್ಷೆಯಲ್ಲಿ 2 ಬಂದರೆ ಅದನ್ನು ಕಾಲೇಜಿಗೆ ಕಳಿಸದೆ ಇರಬಹುದು, ಕಾಲೇಜ್ ಕೋರ್ಸಿನ ಸಿ ಗ್ರೇಡನ್ನು ಹಾಗೆ ಬಚ್ಚಿಡಲು ಆಗುವುದಿಲ್ಲ. ಆಮೇಲೆ ಬೇರೆ ರಾಜ್ಯದ ಅಥವಾ ಖಾಸಗಿ ಕಾಲೇಜಿಗೆ ಹೋದರೆ ಆ ಕ್ರೆಡಿಟ್ ಒಪ್ಪುತ್ತಾರೆ ಅನ್ನುವ ಖಾತ್ರಿ ಇಲ್ಲ. ರಾಜ್ಯದ ಯೂನಿವರ್ಸಿಟಿಯೇ ಗುರಿ ಆಗಿದ್ದರೆ ನಿಮ್ಮ ಲೆಕ್ಕ ಸರಿ.

ಮೂರನೇ ಎಪಿ ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆ. ನನ್ನನ್ನು ಕೇಳಿದರೆ ಕಡಿತ ಮಾಡುವುದಿದ್ದರೆ ಇಂಗ್ಲಿಷನ್ನೇ ಯಾಕೆ ಮೊದಲು ಕಡಿಯಬೇಕು? ನಮ್ಮವರಲ್ಲಿ ಅದೊಂದು ಅಭ್ಯಾಸ. ಕೆಮಿಸ್ಟ್ರಿ ಕಷ್ಟವಾದರೂ ಇರಲಿ ಅನ್ನುತ್ತಾರೆ, ಇಂಗ್ಲಿಷ್ ಕಷ್ಟ ಅಂದ ತಕ್ಷಣ ಬಿಟ್ಟುಬಿಡು ಅನ್ನುತ್ತಾರೆ. ಓದುವುದನ್ನು ಪ್ರೀತಿಸುವ ಹುಡುಗಿಗೆ ಬರೆಯುವುದನ್ನೂ ಅಷ್ಟೇ ಗಂಭೀರವಾಗಿ ಕಲಿಸುವ ಕ್ಲಾಸ್ ಸಿಗಲಿ.

ಕಾಗೆಬಂಗಾರ

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮಕ್ಕಳ ಶಾಲೆಯಲ್ಲಿ ಇರುವುದು ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಅನ್ನುವ ಬೇರೆ ಪಠ್ಯಕ್ರಮ. ಅಲ್ಲಿ ಈ ಲ್ಯಾಂಗ್, ಲಿಟ್ ಅನ್ನುವ ಎರಡು ಪರೀಕ್ಷೆಯ ಜಂಜಾಟ ಇಲ್ಲ, ಒಂದೇ ಕೋರ್ಸ್ ಎರಡು ವರ್ಷ ನಡೆಯುತ್ತದೆ. ಇಂಗ್ಲಿಷ್ ಎ ಲಿಟರೇಚರ್ ಹೈಯರ್ ಲೆವೆಲ್‌ನಲ್ಲಿ 13 ಕೃತಿ ಓದಬೇಕು, 1,200ರಿಂದ 1,500 ಪದದ ಒಂದು ಪ್ರಬಂಧ ಮನೆಯಲ್ಲೇ ತಿದ್ದಿ ತಿದ್ದಿ ಬರೆಯಬೇಕು, ಜೊತೆಗೆ 15 ನಿಮಿಷದ ಮೌಖಿಕ. ಉಪ್ಪುಖಾರ ಅವರು ಕೇಳುವ ನಿಧಾನದ ಬರವಣಿಗೆ ಅಲ್ಲಿದೆ. ಅನುವಾದವಾದ ಕೃತಿಗಳನ್ನೂ ಕಡ್ಡಾಯವಾಗಿ ಓದಿಸುತ್ತಾರೆ, ಅದು ನನಗೆ ಇಷ್ಟವಾಯಿತು. ಆದರೆ ಇದಕ್ಕೋಸ್ಕರ ಯಾರೂ ಶಾಲೆ ಬದಲಾಯಿಸಬೇಡಿ. ಇಡೀ ಡಿಪ್ಲೊಮಾದ ಭಾರ ಬೇರೆಯೇ ಕಥೆ.

ಹರಟೆಕಟ್ಟೆ

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ಪರೀಕ್ಷೆ ಫೀಸ್ ಒಂದಕ್ಕೆ ಹತ್ತಿರ ಹತ್ತಿರ 100 ಡಾಲರ್. ಕೆಲವು ಶಾಲೆ, ಕೆಲವು ರಾಜ್ಯ ಅದನ್ನು ತಾವೇ ಕಟ್ಟುತ್ತವೆ, ಆದಾಯ ಕಡಿಮೆ ಇರುವವರಿಗೆ ರಿಯಾಯಿತಿ ಇದೆ. ಹೆಸರು ನೋಂದಾಯಿಸುವುದು ನವೆಂಬರ್ ಹೊತ್ತಿಗೇ ಮುಗಿಯುತ್ತದೆ, ಪರೀಕ್ಷೆ ಮೇಯಲ್ಲಿ ಅಲ್ವಾ ಅಂತ ಕೂತರೆ ಲೇಟ್ ಫೀಸ್ ಕಟ್ಟಬೇಕು. ಕೋರ್ಸ್ ತೆಗೆದುಕೊಂಡ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಹೋಗಿದೆ ಅಂದುಕೊಳ್ಳಬೇಡಿ, ಶಾಲೆಯ ಎಪಿ ಕೋಆರ್ಡಿನೇಟರ್ ಹತ್ತಿರ ಖಚಿತ ಮಾಡಿಕೊಳ್ಳಿ.

ತುಂತುರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆಯಲ್ಲಿ ಜೋರು ಚರ್ಚೆ ಆಯಿತು. ಹನ್ನೊಂದಕ್ಕೆ ಲ್ಯಾಂಗ್ ಹಾಕಿದ್ದೇವೆ, ಕೆಮಿಸ್ಟ್ರಿಯನ್ನು ಆನರ್ಸ್‌ಗೆ ಇಳಿಸಿದ್ದೇವೆ. ಹೌದು, ಕೆಮಿಸ್ಟ್ರಿಯನ್ನೇ. ಅವರಪ್ಪ ಎರಡು ದಿನ ಸರಿಯಾಗಿ ಮಾತಾಡಲಿಲ್ಲ, ಈಗ ಪರವಾಗಿಲ್ಲ. ಲ್ಯಾಂಗ್ ಕಲಿಸುವ ಟೀಚರ್ ಪ್ರತಿ ಎಸ್ಸೇಯನ್ನೂ ಒಂದು ಸಲ ತಿದ್ದಿ ಬರೆಯಲು ವಾಪಸ್ ಕೊಡುತ್ತಾರಂತೆ, ಪಕ್ಕದ ಮನೆಯ ಹುಡುಗಿಯನ್ನು ಕೇಳಿ ತಿಳಿದುಕೊಂಡೆವು. ಅದೇ ನಿರ್ಧಾರ ಮಾಡಿಸಿತು. ಲಿಟ್ ಹನ್ನೆರಡಕ್ಕೆ ಅಂತ ಮಗಳು ಮಾತು ತೆಗೆದುಕೊಂಡಿದ್ದಾಳೆ.

ಒಂದೇ ಕೊನೆ ಪ್ರಶ್ನೆ. ಬೇಸಿಗೆ ರಜೆಯಲ್ಲಿ ಪ್ರೆಪ್ ಪುಸ್ತಕ ತರಿಸಲಾ, ಇಲ್ಲ ಕ್ಲಾಸಿಗೆ ಸೇರಿಸಲಾ?

ಚಾಕ್‌ಪೀಸ್

ಎರಡೂ ಬೇಡ. ಪ್ರೆಪ್ ಪುಸ್ತಕ ಬೇಕಾದರೆ ಫೆಬ್ರವರಿಯಲ್ಲಿ ನೋಡಿದರಾಯಿತು. ಹಳೆಯ ಎಸ್ಸೇ ಪ್ರಶ್ನೆಗಳು, ಅಂಕ ಹಾಕಿದ ಮಾದರಿ ಉತ್ತರಗಳು, ಆ ಅಂಕ ಯಾಕೆ ಅನ್ನುವ ಟಿಪ್ಪಣಿ ಎಲ್ಲವೂ ಕಾಲೇಜ್ ಬೋರ್ಡ್ ಸೈಟಿನಲ್ಲಿ ಪುಕ್ಕಟೆ ಇವೆ. 2 ಅಂಕದ್ದನ್ನೂ 5 ಅಂಕದ್ದನ್ನೂ ಪಕ್ಕ ಪಕ್ಕ ಇಟ್ಟು ಓದಿದರೆ ಯಾವ ಕೋಚಿಂಗ್ ಕ್ಲಾಸೂ ಹೇಳದಷ್ಟು ಗೊತ್ತಾಗುತ್ತದೆ.

ರಜೆಯಲ್ಲಿ ವಾರಕ್ಕೆ ಒಂದು ಸಲ ಒಂದೇ ವಿಷಯದ ಮೇಲೆ ಎದುರು ಬದುರು ನಿಂತ ಎರಡು ಅಭಿಪ್ರಾಯ ಲೇಖನ ಕೊಡಿ. ಯಾರು ಸರಿ ಅಂತ ಕೇಳಬೇಡಿ. ಯಾರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದಾರೆ, ಯಾವ ಮಾತನ್ನು ಬೇಕೆಂದೇ ಬಿಟ್ಟಿದ್ದಾರೆ, ಅದೇ ಉದಾಹರಣೆ ಯಾಕೆ ಅಂತ ಕೇಳಿ. ಕನ್ನಡದಲ್ಲೇ ಮಾತಾಡಿ, ತೊಂದರೆ ಇಲ್ಲ. ಆಮೇಲೆ ಅವಳು ಒಂದು ಪ್ಯಾರಾ ಇಂಗ್ಲಿಷಿನಲ್ಲಿ ಬರೆಯಲಿ, ಒಂದೇ ಪ್ಯಾರಾ. ಶಾಲೆಯಿಂದ ಬೇಸಿಗೆಗೆ ಓದಲು ಏನಾದರೂ ಕೊಟ್ಟಿದ್ದರೆ ಮೊದಲು ಅದು ಮುಗಿಯಲಿ, ಆಗಸ್ಟಿನ ಮೊದಲ ವಾರದಲ್ಲೇ ಅದರ ಮೇಲೆ ಬರೆಸುವ ಟೀಚರ್‌ಗಳು ಇದ್ದಾರೆ, ನಾನೂ ಒಬ್ಬಳು.